ಉಗ್ರಾಣದ ಇಲಿ

ಸೂಯುನ್‌ನ ಮನೆಯಲ್ಲಿ ಬೆಳಗಾಗುತ್ತಿದ್ದುದು ಕೋಳಿ ಕೂಗಿದಾಗಲ್ಲ, ಅವನ ಮಗಳು ಜಿಪಾರ್ ನಕ್ಕಾಗ. ನಡುವಿನ ಮಣ್ಣುಗೋಡೆಯ ಈಚೆ ನನ್ನ ಮನೆ. ಪಾಠ ಹೇಳಲು ಶಾಲೆಗೆ ಹೊರಡುವ ಮುನ್ನ ಹಾಲು ಬೆರೆಸಿದ ಚಹಾ ಕುಡಿಯುತ್ತ ಕುಳಿತಿದ್ದರೆ ಆ ನಗು ಗೋಡೆ ಹತ್ತಿ ನನ್ನ ಬಟ್ಟಲಿಗೇ ಬಂದು ಬೀಳುತ್ತಿತ್ತು. ಬೆಳಗಿನ ಆ ಹೊತ್ತಿನಲ್ಲಿ ಅವಳ ತಾಯಿ ಬುರುಲ್ ಕುರಿಬಾಲದ ಕೊಬ್ಬನ್ನು ಬೆಚ್ಚಗೆ ಕರಗಿಸಿ ಮಗಳ ಕಾಲುಗಳಿಗೆ ತಿಕ್ಕುತ್ತಿದ್ದಳು.

"ಅಪಾ, ಕಚಗುಳಿ!" ಎಂದು ಮಗು ತಾಯಿಯನ್ನು ಕೂಗುತ್ತಿತ್ತು.

"ಕಚಗುಳಿ ಅಲ್ವೇ, ಔಷಧಿ."

"ಔಷಧಿ ನಗಿಸತ್ತಾ?"

"ನಿನ್ನಂಥ ಹುಚ್ಚಿಯನ್ನ ನಗಿಸತ್ತೆ."

ಏಳು ವರ್ಷದ ಜಿಪಾರ್‌ಗೆ ನಡೆಯಲು ಬರುತ್ತಿರಲಿಲ್ಲ. ಆಸರೆಯಿಲ್ಲದೆ ಕೂರಲೂ ಆಗುತ್ತಿರಲಿಲ್ಲ. ಕೈಗಳು ತಮಗೆ ಬೇಕಾದ ಕಡೆಗೆ ಹೋಗುತ್ತಿದ್ದವು. ಮಾತು ನಾಲಿಗೆಯ ಮೇಲೆ ಎಡವಿ ಎಡವಿ ಹೊರಬರುತ್ತಿತ್ತು. ಆದರೆ ಹೊರಬಂದ ಮಾತು ಎಂದೂ ಬೋಳು ಮಾತಾಗಿರುತ್ತಿರಲಿಲ್ಲ.

ಒಲೆಯ ಮುಂದಿನಿಂದ ಅಜ್ಜಿ ಗದರುತ್ತಿದ್ದಳು. ಉಮ್ಸುನಾಯ್ ಎಂಬುದು ಅವಳ ಹೆಸರು. ಮಗ, ಸೊಸೆ, ಊರು, ನಾನು, ಎಲ್ಲರೂ ಕರೆಯುತ್ತಿದ್ದುದು ಎನೆ ಎಂದು. "ಬೆಳ್‌ಬೆಳಗ್ಗೆ ಏನೇ ಅದು, ಕುದುರೆಮರಿ ಕೆನೆದ ಹಾಗೆ!"

"ಎನೆ, ನಾನು ಕುದುರೆಮರಿ!"

"ಕುದುರೆಮರಿ ಆದ್ರೆ ಹುಲ್ಲು ತಿನ್ನು. ಕೆನೆ ಯಾಕೆ ಕೇಳ್ತೀಯ?" ಎನ್ನುತ್ತಲೇ ಬಿಸಿ ರೊಟ್ಟಿಯ ಚೂರಿಗೆ ದಪ್ಪಗೆ ಕೆನೆ ಹಚ್ಚಿ ಮೊಮ್ಮಗಳ ಬಾಯಿಗಿಡುತ್ತಿದ್ದಳು. ಕೆನೆ ಗಲ್ಲದ ಮೇಲೆ ಇಳಿದರೆ ತನ್ನ ತಲೆವಸ್ತ್ರದ ಅಂಚಿನಿಂದಲೇ ಒರೆಸುತ್ತಿದ್ದಳು. ಎನೆ ಆ ಮಗುವನ್ನು ಪ್ರೀತಿಸುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವವನಲ್ಲ. ಓದುಗರು ಇದನ್ನು ಮರೆಯಬಾರದು. ಏಕೆಂದರೆ ಮುಂದಿನದನ್ನೆಲ್ಲ ಮಾಡಿದ್ದು ಪ್ರೀತಿಯುಳ್ಳ ಕೈಗಳೇ.

ಅಂಗಳದಲ್ಲಿ ನಾಯಿ ಬೊಗಳಿದರೆ, ಬೇರೂರಿನ ಕುದುರೆಯೋ ಮೋಟಾರೋ ಬಾಗಿಲಿಗೆ ಬಂದು ನಿಂತರೆ, ಎನೆಯ ಮುಖ ಬದಲಾಗುತ್ತಿತ್ತು. ಆಗ ಅವಳ ಬಾಯಿಂದ ಬರುತ್ತಿದ್ದುದು ಒಂದೇ ಮಾತು.

"ಬುರುಲ್, ಇಲಿ."

ಬುರುಲ್ ಮಗುವನ್ನೆತ್ತಿಕೊಂಡು ಹಿಂಬದಿಯ ಉಗ್ರಾಣಕ್ಕೆ ನಡೆಯುತ್ತಿದ್ದಳು. ಹಿಟ್ಟಿನ ಚೀಲಗಳ ಮೇಲೆ ಕಂಬಳಿ ಹಾಸಿ ಮಲಗಿಸಿ, ತುಟಿಯ ಮೇಲೆ ಬೆರಳಿಟ್ಟು ಕೇಳುತ್ತಿದ್ದಳು: "ಒಳ್ಳೇ ಇಲಿ ಹೇಗಿರತ್ತೆ?" ಮಗು ಕೆನ್ನೆಯುಬ್ಬಿಸಿ ಬಾಯಿ ಬಿಗಿಹಿಡಿದು ತೋರಿಸುತ್ತಿತ್ತು. ಅತಿಥಿಗಳು ಉಂಡು, ಹರಸಿ, ಹೊರಡುವವರೆಗೆ ಉಗ್ರಾಣದಿಂದ ಉಸಿರಿನ ಸದ್ದೂ ಬರುತ್ತಿರಲಿಲ್ಲ. ಬಾಗಿಲು ತೆರೆದ ಕೂಡಲೇ ಕೇಳುತ್ತಿತ್ತು: "ಅಪಾ, ನಾನು ಒಳ್ಳೇ ಇಲಿ ಅಲ್ವಾ?"

ಇದು ಆ ಒಂದು ಮನೆಯ ರೂಢಿಯಾಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ನಮ್ಮ ಕಣಿವೆಯಲ್ಲಿ ಎಷ್ಟು ಮನೆಗಳಿಗೆ ಇಂಥ ಉಗ್ರಾಣಗಳಿವೆಯೆಂದು ಅತಿಥಿಯಾಗಿ ಹೋದವರಿಗೆ ತಿಳಿಯದು. ಅತಿಥಿಗೆ ಕುರಿಯ ತಲೆಯನ್ನೇ ಬಡಿಸುವ ಜನ ನಾವು. ಕುದುರೆಯ ವಂಶವನ್ನು ಏಳು ತಲೆಮಾರು ಹೇಳಬಲ್ಲವರು. ಆದರೆ ಮಗುವೊಂದು ಕುಂಟಿದರೆ, ತೊದಲಿದರೆ, ಅದಕ್ಕೆ ಕದ ಮುಚ್ಚುತ್ತೇವೆ. ಕೇಳಿದರೆ ಮರ್ಯಾದೆ ಎನ್ನುತ್ತೇವೆ.

*

ಕುದುರೆ ದೂರ ಹೋಗದಂತೆ ಮುಂಗಾಲುಗಳಿಗೆ ಬಿಗಿಯುವ ಹಗ್ಗಕ್ಕೆ ನಮ್ಮಲ್ಲಿ ತುಶೂ ಎನ್ನುತ್ತಾರೆ. ಹೆಜ್ಜೆಯಿಡಲು ತೊಡಗಿದ ಮಗುವಿನ ಕಾಲುಗಳಿಗೆ ಕಪ್ಪು ಬಿಳಿ ಉಣ್ಣೆಯನ್ನು ಹೊಸೆದ ದಾರ ಕಟ್ಟುತ್ತೇವೆ, ಅದೂ ತುಶೂವೇ. ಓಣಿಯ ಮಕ್ಕಳು ದೂರದಿಂದ ಓಡಿಬರುತ್ತಾರೆ, ಮೊದಲು ಮುಟ್ಟಿದವರು ಚಾಕುವಿನಿಂದ ಆ ದಾರ ಕತ್ತರಿಸುತ್ತಾರೆ. ಅಲ್ಲಿಂದ ಮಗು ಬಿಡುಗಡೆಯಾಯಿತು, ಇನ್ನು ಬದುಕಿನಲ್ಲಿ ಎಡವದು ಎಂದು ನಂಬಿಕೆ. ಚೆಂದದ ಆಚರಣೆ, ನಾನು ಅದನ್ನು ಹಳಿಯುವವನಲ್ಲ.

ಬುರುಲ್ ಬಸುರಿಯಾಗಿದ್ದಾಗಲೇ ಎನೆ ಆ ದಾರವನ್ನು ಹೊಸೆದಿಟ್ಟಿದ್ದಳು. ಹೆರಿಗೆ ಕಷ್ಟವಾಯಿತು. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿ, ಮಗು ಅಳುವುದಕ್ಕೆ ಬಹಳ ಹೊತ್ತು ಹಿಡಿಯಿತು. ಆ ಹೊತ್ತಿನಲ್ಲಿ ಉಸಿರಿಲ್ಲದೆ ಮಿದುಳಿಗೆ ಪೆಟ್ಟಾಗಿದೆಯೆಂದು ಪಟ್ಟಣದ ವೈದ್ಯರು ತಿಳಿಸಿದರು. ಎನೆಗೆ ಬೇರೆಯೇ ಕಾರಣ ಗೊತ್ತಿತ್ತು. ಬಸುರಿಯಾದವಳು ಕುದುರೆಯ ತುಶೂ ದಾಟಿದರೆ ಬಳ್ಳಿ ಕೊರಳಿಗೆ ಸುತ್ತುತ್ತದೆ, ಸೊಸೆ ದಾಟಿದ್ದಾಳೆ.

ಬುರುಲ್ ವರ್ಷಗಟ್ಟಲೆ ನೆನಪನ್ನು ಕೆದಕಿದಳು. ನೀರು ತರುವಾಗಲೋ? ಬೆರಣಿ ಒಣಹಾಕುವಾಗಲೋ? ಹೌದು, ದಾಟಿರಬೇಕು. ಮಗಳ ಕಾಲು ತಿಕ್ಕುತ್ತ ಒಮ್ಮೊಮ್ಮೆ ಅವಳ ಕೈ ನಿಂತೇ ಹೋಗುತ್ತಿತ್ತು. ಸಂತರ ಗೋರಿಗಳಿಗೆ ಹೋಗಿ ಮರಕ್ಕೆ ಬಟ್ಟೆ ಕಟ್ಟಿ ಬಂದಳು. ಮಂತ್ರವಾದಿನಿಯೊಬ್ಬಳು ಮಗುವನ್ನು ಆಗ ತಾನೇ ಸುಲಿದ ಕುರಿಚರ್ಮದಲ್ಲಿ ಸುತ್ತಿ ಅಳಿಸಿದ್ದನ್ನೂ ಸಹಿಸಿದಳು. ಜಿಪಾರ್ ನಾಲ್ಕನೆಯ ವರ್ಷದಲ್ಲಿ ಮೊದಲ ಬಾರಿ "ಅಪಾ" ಎಂದ ದಿನ ಬುರುಲ್ ಹಿಟ್ಟಿನ ಕೈಯಲ್ಲೇ ಓಣಿಗೆ ಓಡಿಬಂದಳು. ಯಾರಿಗೆ ಹೇಳುವುದು? ಹೇಳುವಂತಿರಲಿಲ್ಲ. ಗೋಡೆಯ ಬಳಿ ನಿಂತು, "ಮೇಷ್ಟ್ರೇ, ನಮ್ಮ ಆಕಳು... ಆಕಳು ಚೆನ್ನಾಗಿ ಹಾಲು ಕೊಟ್ಟಿತು" ಎಂದು ನನ್ನೆದುರು ಅಳುತ್ತ ನಕ್ಕಳು. ನನಗೆ ಅರ್ಥವಾಯಿತು. "ಶುಭವಾಗಲಿ, ಆಕಳಿಗೆ ದೃಷ್ಟಿ ತಾಗದಿರಲಿ" ಎಂದೆ.

ಜಿಪಾರ್ ಮೊದಲ ಸಲ ಚಮಚವನ್ನು ತಾನೇ ಬಾಯಿಗೆ ಮುಟ್ಟಿಸಿದ ದಿನ ಅರ್ಧ ಗಂಜಿ ಕಿವಿಗೆ ಹೋಗಿತ್ತು. ಬಡಗಿಯಾದ ಸೂಯುನ್ ಅದನ್ನು ಕಂಡು ಕೆಲಸ ಬಿಟ್ಟು ಕುಣಿದ. "ಕಿವಿಗೂ ಹಸಿವು ಆತಾ!" ಎಂದು ಮಗಳು ತಂದೆಗೆ ಸಮಜಾಯಿಷಿ ಕೊಟ್ಟಳು. ಮರುವಾರ ಜ್ವರ ಬಂದು ಕೈ ಮತ್ತೆ ಸೆಟೆದುಕೊಂಡಾಗ ಆ ಚಮಚ ಗೂಡಿಗೆ ಹೋಯಿತು. ಇಂಥ ಮಗುವಿನ ತಾಯ್ತಂದೆಗಳ ಬಾಳು ಹೀಗೆಯೇ: ಬೆಟ್ಟ ಹತ್ತಿದ್ದೂ ಅದೇ ದಾರಿ, ಜಾರಿದ್ದೂ ಅದೇ ದಾರಿ, ಮತ್ತೆ ಹತ್ತಬೇಕಾದ್ದೂ ಅದನ್ನೇ.

ಕಪ್ಪು ಬಿಳಿ ದಾರ ಮಾತ್ರ ಎನೆಯ ಪೆಟ್ಟಿಗೆಯ ತಳದಲ್ಲೇ ಉಳಿಯಿತು.

*

ಒಂದು ಶರತ್ಕಾಲದಲ್ಲಿ ನಾನು ಎನೆಯ ಎದುರು ಕುಳಿತು ಮಾತೆತ್ತಿದೆ. "ಎನೆ, ಜಿಪಾರ್‌ನ ಶಾಲೆಗೆ ಕಳಿಸಿ. ನಾನೇ ಎತ್ಕೊಂಡು ಹೋಗ್ತೀನಿ, ನಾನೇ ಎತ್ಕೊಂಡು ಬರ್ತೀನಿ."

"ಮೇಷ್ಟ್ರಿಗೆ ಬಿಸಿಲು ತಾಗಿದೆ. ನಡೆಯೋಕೆ ಬರದವಳು ಶಾಲೆಗೆ ಹೋಗಿ ಏನ್ ಮಾಡ್ತಾಳೆ?"

"ಓದೋದು ಕಾಲಿಂದ ಅಲ್ಲ, ಎನೆ."

"ಓದೋದು ಕಾಲಿಂದ ಅಲ್ಲ. ಆದ್ರೆ ಊರು ನೋಡೋದು ಕಾಲನ್ನೇ." ಎನೆ ಬಟ್ಟಲು ಕೆಳಗಿಟ್ಟಳು. "ಮನೇಲಿ ಕೊಡೋ ಹುಡುಗಿ ಇದಾಳೆ. ರಕ್ತದಲ್ಲಿ ದೋಷ ಅಂತ ಒಂದು ಮಾತು ಬಿದ್ರೆ ಸಾಕು, ನನ್ನ ಕಿಯಾಲ್ ಈ ಒಲೆ ಮುಂದೇನೇ ಮುದುಕಿ ಆಗ್ತಾಳೆ. ಆಗ ನಿಮ್ಮ ಪುಸ್ತಕ ಬಂದು ಅವಳ ಕೈ ಹಿಡಿಯತ್ತಾ?"

ಕಿಯಾಲ್ ಸೂಯುನ್‌ನ ತಂಗಿ. ಒಳಗಿನಿಂದಲೇ ಕೂಗಿದಳು: "ಪುಸ್ತಕ ಆದ್ರೆ ಬೇಡ ಎನೆ, ಅದು ರಾತ್ರಿಯೆಲ್ಲ ಉಪದೇಶ ಮಾಡತ್ತೆ!"

"ಬಾಯ್ಮುಚ್ಚು, ಬಜಾರಿ!"

"ಇದು ರಕ್ತದ ದೋಷ ಅಲ್ಲ" ಎಂದೆ ನಾನು. "ಹುಟ್ಟೋವಾಗ ಉಸಿರು ಸಿಕ್ಕಿಕೊಂಡಿತು, ಅಷ್ಟೇ. ಅವಳ ಮೈಯಲ್ಲಿರೋದು ನಿಮ್ಮದೇ ರಕ್ತ. ಅದ್ರಲ್ಲಿ ದೋಷ ಇದೆ ಅಂತ ನೀವೇ ಸಾರ್ತೀರಾ?"

"ರಕ್ತ ಅಲ್ದಿದ್ರೆ ತುಶೂ. ಸೊಸೆ ದಾಟಿದ್ದು ನಿಜ ತಾನೇ?"

"ಕುದುರೆ ಕಟ್ಟಿದ ಅಂಗಳದಲ್ಲಿ ಹಗ್ಗ ದಾಟದೆ ನೀರು ತರೋದು ಹೇಗೆ ಎನೆ? ನಿಮ್ಮ ಅತ್ತೆ ದಾಟಿರ್ತಾರೆ, ನೀವು ದಾಟಿರ್ತೀರಿ. ನಮ್ಮಮ್ಮ ನಾನು ಹೊಟ್ಟೇಲಿದ್ದಾಗ ದಾಟಿರ್ತಾಳೆ."

ಎನೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಓಹೋ! ಅದಕ್ಕೇ ನೀವು ಹೀಗಾಗಿರೋದು."

ಉಗ್ರಾಣದ ಕಡೆಯಿಂದಲ್ಲ, ಒಲೆಯ ಪಕ್ಕದಿಂದಲೇ ಜಿಪಾರ್ ಕಿಲಕಿಲನೆ ನಕ್ಕಳು. ಎನೆಯೂ ನಕ್ಕಳು. ನಾನೂ ನಕ್ಕೆ. ನಗುವಿನಲ್ಲಿ ಮಾತು ಮುಗಿಯಿತು, ಮಗು ಮನೆಯಲ್ಲೇ ಉಳಿಯಿತು. ರೂಢಿ ಯಾವಾಗಲೂ ಬೈದೇ ಗೆಲ್ಲುವುದಿಲ್ಲ. ಎಷ್ಟೋ ಸಲ ನಗಿಸಿ ಗೆಲ್ಲುತ್ತದೆ.

*

ಹಿಮ ಬಿದ್ದ ಮೇಲೆ ಕಿಯಾಲ್‌ಳನ್ನು ಕೇಳಲು ಕಣಿವೆಯ ಆಚೆಯಿಂದ ಬೀಗರು ಬಂದರು. ಹುಡುಗನ ತಾಯಿ, ದೊಡ್ಡಪ್ಪ, ಇನ್ನಿಬ್ಬರು ನೆಂಟರು. ಎನೆ ಕುದುರೆ ಮಾಂಸವನ್ನು ಹಂಡೆಗೆ ಹಾಕಿಸಿದಳು. ಜಿಪಾರ್ ಉಗ್ರಾಣ ಸೇರಿದಳು.

ನಮ್ಮಲ್ಲಿ ಅತಿಥಿಗಳಿರುವಾಗ ಸೊಸೆ ಚಹಾ ಕಾಯಿಸುವ ಸಮೋವಾರ್ ಪಕ್ಕದಿಂದ ಏಳುವಂತಿಲ್ಲ. ಬಟ್ಟಲನ್ನು ತುಂಬಿಸುವಂತೆಯೂ ಇಲ್ಲ. ತುಂಬಿಸಿದರೆ 'ಕುಡಿದು ಹೊರಡಿ' ಎಂದಂತೆ. ಅರ್ಧರ್ಧ ಸುರಿಯುತ್ತ, ಮರಳಿ ಬಂದ ಬಟ್ಟಲಿಗೆ ಮತ್ತೆ ಸುರಿಯುತ್ತ ಕೂರಬೇಕು. ಬುರುಲ್ ಸುರಿಯುತ್ತಲೇ ಇದ್ದಳು. ಹೊರಗೆ ಗಾಳಿಯೆದ್ದು ಹಿಮ ದಾರಿ ಮುಚ್ಚಿತು. ಬೀಗರು ಟೋಪಿ ತೆಗೆದು ಇನ್ನಷ್ಟು ಆರಾಮಾಗಿ ಒರಗಿದರು. ಉಗ್ರಾಣಕ್ಕೆ ಒಲೆಯಿರಲಿಲ್ಲ. ಬುರುಲ್ ಅತ್ತೆಯ ಕಡೆ ನೋಡಿದಳು. ಎನೆ ಕಣ್ಣು ತಪ್ಪಿಸಿ, "ಚಹಾ ಕೊಡಮ್ಮ" ಎಂದಳು.

ಆಗ ಹುಡುಗನ ದೊಡ್ಡಪ್ಪ ಬಟ್ಟಲು ಚಾಚುತ್ತ ವಿಚಾರಿಸಿದ: "ಕೈ ಚುರುಕಾದ ಸೊಸೆ. ಮಕ್ಕಳೆಷ್ಟು ತಾಯಿ?"

ಬುರುಲ್ ಬಟ್ಟಲು ತೆಗೆದುಕೊಂಡು ಅರ್ಧ ಸುರಿದಳು. ಸೂಯುನ್ ನೆಲ ನೋಡಿದ.

"ಇನ್ನೂ ಇಲ್ಲ" ಎಂದಳು ಬುರುಲ್.

"ದೇವರು ಕೊಡ್ಲಿ, ಕೊಡ್ಲಿ" ಎಂದು ಅವನು ಎರಡು ಕೈಯಿಂದ ಮುಖ ಸವರಿ ಹರಸಿದ. ಎಲ್ಲರೂ ಮುಖ ಸವರಿಕೊಂಡರು. ಬುರುಲ್ ಕೂಡ.

ಗಾಳಿ ನಿಂತು ದಾರಿ ಕಂಡ ಮೇಲೆ ಬೀಗರು ಒಪ್ಪಿ ಎದ್ದಾಗ ಹೊತ್ತು ಮುಳುಗಿತ್ತು. ಬುರುಲ್ ಬಾಗಿಲಿನವರೆಗೆ ಕಳಿಸಿಕೊಟ್ಟು ಉಗ್ರಾಣಕ್ಕೆ ಓಡಿದಳು. ಕಂಬಳಿ ಕೆಳಗೆ ಜಾರಿತ್ತು. ಜಾರಿದ ಕಂಬಳಿಯನ್ನು ಎಳೆದುಕೊಳ್ಳಲು ಆ ಕೈಗಳಿಗೆ ಬರುತ್ತಿರಲಿಲ್ಲ. ಕರೆದಿದ್ದರೆ ಯಾರಾದರೂ ಬರುತ್ತಿದ್ದರು. ಮಗು ಕರೆದಿರಲಿಲ್ಲ. ತುಟಿ ನೀಲಿಗಟ್ಟಿತ್ತು, ಆದರೂ ಕೆನ್ನೆಯುಬ್ಬಿಸಿ ಬಾಯನ್ನು ಬಿಗಿಹಿಡಿದೇ ಇತ್ತು.

ಜಿಲ್ಲೆಯ ಆಸ್ಪತ್ರೆಯಲ್ಲಿ ಎದೆಯ ಜ್ವರ ಇಳಿಯುವವರೆಗೆ ಬುರುಲ್ ಮಂಚದ ಪಕ್ಕದಿಂದ ಏಳಲಿಲ್ಲ. ಕಣ್ಣು ಬಿಟ್ಟು ಮಾತು ಬಂದ ಮೇಲೆ ಮಗಳು ಮೊದಲು ಕೇಳಿದ್ದು ನೀರನ್ನಲ್ಲ.

"ಅಪಾ, ಆ ತಾತ ಕೇಳಿದ್ರಲ್ಲ... ಮಕ್ಕಳು ಇಲ್ಲ ಅಂದೆ ನೀನು."

ಬುರುಲ್ ಹೊದಿಕೆಯನ್ನು ಮಗಳ ಗಲ್ಲದವರೆಗೆ ಎಳೆದಳು.

"ನಾನು ನಿಜವಾಗ್ಲೂ ಇಲೀನಾ?"

ಆ ಪ್ರಶ್ನೆಗೆ ನಮ್ಮ ಹಿರಿಯರ ಗಾದೆಗಳಲ್ಲಿ ಉತ್ತರವಿದೆಯೇ ಎಂದು ನಾನು ಹುಡುಕಿದ್ದೇನೆ. ಇಲ್ಲ. ಮರ್ಯಾದೆಯ ಬಗ್ಗೆ ನೂರು ಗಾದೆಗಳಿವೆ. ಉಗ್ರಾಣದಲ್ಲಿ ಬಾಯಿ ಬಿಗಿಹಿಡಿದ ಮಗುವಿಗೆ ಹೇಳುವಂಥದು ಒಂದೂ ಇಲ್ಲ.

*

ವಸಂತದಲ್ಲಿ ಓಲೆ ತೊಡಿಸಲು ಬರುತ್ತೇವೆಂದು ಬೀಗರು ಹೇಳಿ ಕಳಿಸಿದರು. ಹುಡುಗನ ತಾಯಿ ಬಂದು ಹುಡುಗಿಯ ಕಿವಿಗೆ ಓಲೆ ತೊಡಿಸಿದರೆ ಸಂಬಂಧ ಗಟ್ಟಿಯಾದಂತೆ. ಎನೆ ಊಟದ ಹೊತ್ತಿನಲ್ಲಿ ತಗ್ಗಿದ ದನಿಯಲ್ಲಿ ಹೇಳಿದಳು:

"ಉಗ್ರಾಣ ಬೇಡ, ದೇವರಾಣೆಗೂ ಬೇಡ. ಕೆಳಗಿನ ಊರಲ್ಲಿ ಇಂಥ ಮಕ್ಕಳನ್ನ ಇಟ್ಕೊಳ್ಳೋ ಆಶ್ರಮ ಇದೆಯಂತೆ. ಬೆಚ್ಚಗಿರತ್ತಂತೆ. ಮದುವೆ ಮುಗಿಯೋ ತನಕ..."

"ಆಮೇಲೆ ಕಿಯಾಲ್ ಹೆರೋ ತನಕ" ಎಂದಳು ಬುರುಲ್. ಅವಳು ಅತ್ತೆಗೆ ಎದುರಾಡಿದ್ದು ಅದೇ ಮೊದಲು. "ಆಮೇಲೆ ಅವಳ ಮಕ್ಕಳ ಮದುವೆ ತನಕ. ಎನೆ, ನೀವು ಏನು ಹೇಳಿದ್ರೂ ಕೇಳ್ದೆ. ಚರ್ಮ ಸುತ್ತಿಸಿ ಅಂದ್ರಿ, ಸುತ್ತಿಸ್ದೆ. ಮುಚ್ಚಿಡು ಅಂದ್ರಿ, ಮುಚ್ಚಿಟ್ಟೆ. ಹೆತ್ತವಳ ಬಾಯಲ್ಲೇ ಮಕ್ಕಳಿಲ್ಲ ಅಂದೆ. ಇನ್ನು ಆಗಲ್ಲ. ಬೀಗರು ಬಂದ ದಿನ ನನ್ನ ಮಗಳು ಅಂಗಳದಲ್ಲಿ ಇರ್ತಾಳೆ."

"ನಿನ್ನ ಮಗಳಿಗೋಸ್ಕರ ನನ್ನ ಮಗಳ ಬಾಳು ಹಾಳಾಗ್ಬೇಕಾ?"

ಉತ್ತರ ಕೊಟ್ಟಿದ್ದು ಕಿಯಾಲ್. ರೊಟ್ಟಿ ಮುರಿಯುತ್ತ, ತಮಾಷೆಯಿಲ್ಲದ ದನಿಯಲ್ಲಿ ಹೇಳಿದಳು: "ಎನೆ, ನಾಳೆ ನನಗೂ ಇಂಥದೇ ಮಗು ಹುಟ್ಟಿದ್ರೆ ಆ ಮನೆಯವರು ಅದನ್ನ ಎಲ್ಲಿಡ್ತಾರೆ ಅಂತ ಈಗ್ಲೇ ಗೊತ್ತಾಗೋದು ಒಳ್ಳೇದಲ್ವಾ?"

ಎನೆ ಮಗನ ಕಡೆ ತಿರುಗಿದಳು. ತಾಯಿಯೆದುರು ಎಂದೂ ಬಾಯಿಬಿಡದ ಸೂಯುನ್ ಕೆನ್ನೆ ತುರಿಸಿಕೊಂಡು, "ಎನೆ, ಜೀನು ಮುಗೀತು" ಎಂದ.

ಯಾವ ಜೀನು? ಲಾಯದ ಗೋಡೆಯಲ್ಲಿ ಕುದುರೆಯ ಬೆನ್ನಿಗೆ ಬಿಗಿಯುವ ಹಳೆಯದೊಂದು ಮಕ್ಕಳ ಜೀನು ತೂಗುತ್ತಿತ್ತು. ಹಿಂದೂ ಮುಂದೂ ಮರದ ಎತ್ತರದ ಆಸರೆಯಿರುವ, ಎಳೆಯ ಮಕ್ಕಳನ್ನು ಪಟ್ಟಿ ಬಿಗಿದು ಕೂರಿಸುವ ಜೀನು. ಸೂಯುನ್ ಅದರ ಮೇಲೆಯೇ ಬೆಳೆದವನು. ಚಳಿಗಾಲವಿಡೀ ಅವನು ಆಸರೆಗಳನ್ನು ಎತ್ತರಿಸಿ, ಅಗಲಿಸಿ, ಒಳಗೆ ದಪ್ಪ ಕಂಬಳಿ ಹೊಲಿದಿದ್ದ. ಮರುದಿನ ಮಗಳನ್ನು ಅದರಲ್ಲಿ ಕೂರಿಸಿ ಮುದಿ ಕಂದು ಕುದುರೆಯ ಮೇಲಿಟ್ಟ. ಹುಟ್ಟಿದಾಗಿನಿಂದ ಮನುಷ್ಯರ ಮೊಣಕಾಲುಗಳನ್ನೇ ನೋಡಿದ್ದ ಮಗು ಮೊದಲ ಬಾರಿಗೆ ಅವರ ನೆತ್ತಿಗಳನ್ನು ನೋಡಿತು.

"ಆತಾ, ನಿನ್ನ ತಲೇಲಿ ಕೂದಲೇ ಇಲ್ಲ!"

"ಅದನ್ನ ಮುಚ್ಚಿಡೋಕೇ ಕಣೇ ಟೋಪಿ ಹಾಕೋದು."

"ಮುಚ್ಚಿಡಬಾರ್ದು" ಎಂದಳು ಜಿಪಾರ್ ಗಂಭೀರವಾಗಿ.

*

ಬೀಗರು ಬಂದ ದಿನ ಅಂಗಳದ ಸೇಬಿನ ಗಿಡ ಹೂಬಿಟ್ಟಿತ್ತು. ಗಿಡದ ಕೆಳಗೆ ಕಾಲಿಗೆ ತುಶೂ ಬಿಗಿದ ಕಂದು ಕುದುರೆ, ಅದರ ಮೇಲೆ ಕೆಂಪು ಟೋಪಿಯ ಜಿಪಾರ್, ಪಕ್ಕದಲ್ಲಿ ಬುರುಲ್. ಬೇರೂರಿನವರ ದನಿ ಕೇಳಿದ್ದೇ ತಡ, ಮಗು ಕೆನ್ನೆಯುಬ್ಬಿಸಿ ಬಾಯಿ ಬಿಗಿಹಿಡಿಯಿತು. ಯಾರೂ ಹೇಳಿರಲಿಲ್ಲ, ರೂಢಿ ಅಷ್ಟು ಆಳಕ್ಕೆ ಇಳಿದಿತ್ತು.

ಹುಡುಗನ ದೊಡ್ಡಪ್ಪ ನಿಂತ. ಸೆಟೆದ ಕೈ, ವಾಲಿದ ಕತ್ತು, ಎಲ್ಲವನ್ನೂ ನೋಡಿದ. "ಇದು ಯಾರ ಮಗು?"

ಎನೆಯ ತುಟಿಗಳು ಅಲುಗಿದವು. 'ಪಕ್ಕದ ಮನೆಯದು' ಎಂಬ ಮಾತು ಅಲ್ಲಿ ಸಿದ್ಧವಾಗಿ ನಿಂತಿದ್ದನ್ನು ಪಕ್ಕದ ಮನೆಯವನಾದ ನಾನೇ ಗೋಡೆಯ ಈಚೆಯಿಂದ ಕಂಡೆ.

"ನನ್ನ ಮಗಳು" ಎಂದಳು ಬುರುಲ್. "ಚಳಿಗಾಲದಲ್ಲಿ ನೀವು ಕೇಳಿದಾಗ ಸುಳ್ಳು ಹೇಳಿದೆ ತಾತ. ಆವಾಗ ಇವಳು ಗೋಡೆ ಆಚೆ ಚಳೀಲಿ ಇದ್ಲು. ನಿಮ್ಮ ಹಾರೈಕೆ ಕೇಳಿಸ್ಕೊಂಡ್ಲು."

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡ. "ಇಂಥದನ್ನ ಮೊದಲೇ ಹೇಳ್ಬೇಕಿತ್ತು. ನಾವು ಮನೇಲಿ ಮಾತಾಡಿ ಹೇಳಿ ಕಳಿಸ್ತೀವಿ." ಹುಡುಗನ ತಾಯಿ ಓಲೆಯ ಡಬ್ಬಿಯನ್ನು ಚೀಲಕ್ಕೆ ಹಾಕಿದಳು. ಹೊರಡುವಾಗ ಒಂದು ಗಳಿಗೆ ಕುದುರೆಯ ಬಳಿ ನಿಂತು, ಮಗುವಿನ ಓರೆಯಾಗಿದ್ದ ಟೋಪಿಯನ್ನು ನೇರ ಮಾಡಿದಳು. ಚಹಾದ ಬಟ್ಟಲುಗಳು ಮುಟ್ಟದೆ ಉಳಿದವು.

ಎನೆ ಹೊಸ್ತಿಲ ಮೇಲೆ ಕುಸಿದು ಕುಳಿತಳು. ಕಿಯಾಲ್ ಬಂದು ಪಕ್ಕದಲ್ಲಿ ಕುಳಿತು ಖಾಲಿ ಕಿವಿಗಳನ್ನು ಮುಟ್ಟಿಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು, ಆದರೂ ಅಂದಳು: "ಹಗುರಾಗಿದೆ ಎನೆ. ಓಲೆ ಭಾರ ಇರ್ತಿತ್ತೇನೋ."

ಎನೆ ನೋಡುತ್ತಿದ್ದುದು ಮೊಮ್ಮಗಳನ್ನು. ಬೀಗರು ಓಣಿ ದಾಟಿಹೋಗಿದ್ದರೂ ಜಿಪಾರ್ ಇನ್ನೂ ಬಾಯಿ ಬಿಗಿಹಿಡಿದೇ ಇದ್ದಳು. ಕೆನ್ನೆಗಳು ಕೆಂಪಾಗಿದ್ದವು, ಕಣ್ಣು ಎನೆಯ ಮೇಲೆಯೇ ಇತ್ತು. ಬಾಗಿಲು ತೆರೆಯುವುದನ್ನು ಕಾಯುತ್ತಿರುವ ಹಾಗೆ.

"ಬಿಡೇ" ಎಂದಳು ಎನೆ, ದನಿ ಒಡೆದು. "ಬಾಯಿ ಬಿಡೇ ನನ್ನ ಕಂದಾ."

ಮಗು ಉಸಿರು ಬಿಟ್ಟಿತು. "ಎನೆ, ನಾನು ಒಳ್ಳೇ ಇಲಿ..."

"ಇಲಿ ಸತ್ತುಹೋಯ್ತು" ಎಂದು ಎನೆ ಎದ್ದು ಒಳಗೆ ನಡೆದಳು. ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದಾಯಿತು. ಹೊರಬಂದಾಗ ಕೈಯಲ್ಲಿ ಕಪ್ಪು ಬಿಳಿ ದಾರವಿತ್ತು. ಓಣಿಯ ಮಕ್ಕಳು ಅದನ್ನು ಕಂಡದ್ದೇ ತಡ, ಕೂಗುತ್ತ ಗೋಡೆ ಹಾರಿ ಬಂದರು.

ಎನೆ ಕುದುರೆಯ ಬಳಿ ನಿಂತು ತಬ್ಬಿಬ್ಬಾದಳು. ಮಗುವಿನ ಒಂದು ಕಾಲು ಈಚೆ, ಒಂದು ಕಾಲು ಆಚೆ. ನಡುವೆ ಕುದುರೆಯ ಹೊಟ್ಟೆ. ದಾರ ಕಟ್ಟುವುದೆಲ್ಲಿ? "ಇಳಿಸಿ ಅವಳನ್ನ. ಇಬ್ಬರು ಹಿಡ್ಕೊಂಡು ನಿಲ್ಲಿಸಿ" ಎಂದಳು.

"ಬೇಡ ಎನೆ!" ಜಿಪಾರ್ ಗಾಬರಿಯಾದಳು. "ಇಳಿಸ್ಬೇಡಿ. ಕುದುರೆಗೆ ಕಟ್ಟಿ. ಈಗ ಅದೇ ನನ್ನ ಕಾಲು."

ಎನೆ ನೋಯುವ ಮೊಣಕಾಲುಗಳನ್ನು ಮಡಚಿ ಮಣ್ಣಿನಲ್ಲಿ ಕೂತು, ಕುದುರೆಯ ಮುಂಗಾಲಿನ ಒರಟು ಹಗ್ಗವನ್ನು ಬಿಚ್ಚಿ, ಅದರ ಜಾಗದಲ್ಲಿ ತಾನು ಹೊಸೆದ ದಾರವನ್ನು ಸುತ್ತಿ ಗಂಟು ಹಾಕಿದಳು. ಮಕ್ಕಳು ಓಡಲು ಸಾಲಾಗಿ ನಿಂತರು. ಅವಳು ಕೈಯೆತ್ತಿ ತಡೆದಳು.

"ಯಾರೂ ಓಡ್ಬೇಡಿ. ಕಟ್ಟಿದ್ದು ನಾನು. ಕತ್ತರಿಸೋಳೂ ನಾನೇ. ಸೂಯುನ್, ಚಾಕು ಕೊಡು."

ದಾರ ತುಂಡಾಯಿತು. ಸೂಯುನ್ ಕಡಿವಾಣ ಹಿಡಿದ, ಬುರುಲ್ ಮಗಳ ಬೆನ್ನಿಗೆ ಕೈಯಿಟ್ಟಳು, ಮುದಿ ಕುದುರೆ ಹೆಜ್ಜೆಯಿಟ್ಟಿತು. ಕುದುರೆಯನ್ನು ಹೊರಡಿಸಲು ನಾವೆಲ್ಲ ಕೂಗುವ ಕೂಗನ್ನು ಜಿಪಾರ್ ಉಸಿರು ಕಟ್ಟಿ, ಮೈಯೆಲ್ಲ ಬಾಯಾಗಿ ಕೂಗಿದಳು:

"ಚೂ! ಚೂ!"

ಗಿಡದ ಹಕ್ಕಿಗಳು ಹಾರಿದವು, ನಾಯಿಗಳು ಬೊಗಳಿದವು. ಓಣಿಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಬೇರೂರಿನ ಮುದುಕನೊಬ್ಬ ಬೆಚ್ಚಿ ನಿಂತು ಗೋಡೆಯ ಮೇಲಿಂದ ಇಣುಕಿದ. "ಏನದು ಗಲಾಟೆ? ಯಾರ ಮಗು ಅದು ಹಾಗೆ ಕೂಗ್ತಿರೋದು?"

ಎನೆ ಮಣ್ಣಿನಿಂದ ಏಳುತ್ತ, ತಲೆವಸ್ತ್ರವನ್ನು ಸರಿಮಾಡಿಕೊಂಡು, ಮೊಮ್ಮಗಳಿಗಿಂತ ಜೋರಾಗಿ ಕೂಗಿ ಹೇಳಿದಳು:

"ನಮ್ಮ ಮನೇದು ಕಣಯ್ಯಾ! ನನ್ನ ಮೊಮ್ಮಗಳು!"